ಪೇಟೆ ಬಿಟ್ಟು ಹೊಲದ ಬದುಕಿಗೆ: ಮಂಡ್ಯ ಸೀಮೆಗೆ ಕುಟುಂಬ ಸಮೇತ ಬರುವವರಿಗೆ ಹಂತ ಹಂತದ ಮಾರ್ಗದರ್ಶಿ

ಬೆಂಗಳೂರಿನಿಂದಲೋ ಮೈಸೂರು ನಗರದಿಂದಲೋ ಮನೆಮಂದಿಯೊಂದಿಗೆ ಹಳ್ಳಿಗೆ ಬಂದು, ಎರಡನೆಯ ಬೇಸಿಗೆ ಮುಗಿಯುವ ಮೊದಲೇ ಲಾರಿಗೆ ಸಾಮಾನು ತುಂಬಿಕೊಂಡು ಹಿಂದಿರುಗುವವರನ್ನು ಮದ್ದೂರು ತಾಲ್ಲೂಕಿನ ನಮ್ಮ ಊರಿನಲ್ಲೂ ಸುತ್ತಲಿನ ಊರುಗಳಲ್ಲೂ ನಾನು ಮೇಲಿಂದ ಮೇಲೆ ನೋಡುತ್ತಿದ್ದೇನೆ. ಹೊರಡುವಾಗ ಅವರು ಹೇಳುವ ಕಾರಣಗಳು ಬೇರೆ ಬೇರೆ: ಕೊಳವೆಬಾವಿ ಬತ್ತಿತು, ಆಳು ಸಿಗಲಿಲ್ಲ, ಮಗನ ಓದು ಕೆಟ್ಟಿತು, ಅಮ್ಮನಿಗೆ ಹಿಡಿಸಲಿಲ್ಲ. ಬುಡದಲ್ಲಿರುವ ತಪ್ಪು ಮಾತ್ರ ಒಂದೇ. ಮೊದಲು ಜಮೀನು ಕೊಂಡು, ಅದರಲ್ಲಿ ಮನೆ ಕಟ್ಟಿ, ಆಮೇಲೆ ಬೆಳೆಯ ಯೋಚನೆ ಮಾಡಿ, ನೀರಿನ ಲೆಕ್ಕವನ್ನೂ ಊರಿನವರ ಪರಿಚಯವನ್ನೂ ಮನೆಯವರ ಮನಸ್ಸನ್ನೂ ಕೊನೆಗೆ ಬಿಟ್ಟಿರುತ್ತಾರೆ. ಕೆಳಗಿನ ಹಂತಗಳು ಈ ಸಾಲನ್ನು ತಿರುಗಿಸುತ್ತವೆ: ಮೊದಲು ಮನೆಯವರು, ಬಳಿಕ ಊರು, ಬಳಿಕ ನೀರು, ಬಳಿಕ ಜಮೀನು, ಮನೆ ಕಟ್ಟುವುದು ಎಲ್ಲಕ್ಕಿಂತ ಕೊನೆಗೆ.

ಎಲ್ಲ ಹಂತಗಳಿಗೂ ಸೇರಿ ಎರಡು ವರ್ಷ ಹಿಡಿಯುತ್ತದೆ. ಆರು ತಿಂಗಳಲ್ಲಿ ಮುಗಿಸಲು ಹೊರಟವರಿಗೆ ಈ ಬರಹದಿಂದ ಪ್ರಯೋಜನವಿಲ್ಲ.

ಮೊದಲೇ ಕೈಯಲ್ಲಿರಬೇಕಾದವು

ಬೆಳೆಯಿಂದ ಒಂದು ರೂಪಾಯಿಯೂ ಬರುವುದಿಲ್ಲವೆಂದು ಲೆಕ್ಕ ಹಿಡಿದು, ಎರಡು ವರ್ಷದ ಮನೆಖರ್ಚಿಗೆ ಸಾಕಾಗುವಷ್ಟು ಹಣ ಬೇರೆಯಾಗಿರಬೇಕು. ಜಮೀನು ಕೊಳ್ಳುವ ಹಣದಲ್ಲೇ ಇದನ್ನು ಸೇರಿಸಿಕೊಂಡರೆ, ಜಮೀನಿನವರು ಸ್ವಲ್ಪ ಹೆಚ್ಚು ಕೇಳಿದ ದಿನವೇ ಮನೆಖರ್ಚಿನ ಹಣ ಕರಗುತ್ತದೆ. ಸಾಧ್ಯವಿದ್ದರೆ ಗಂಡ ಹೆಂಡಿರಲ್ಲಿ ಒಬ್ಬರ ಸಂಬಳ ಮೊದಲೆರಡು ವರ್ಷ ಮುಂದುವರಿಯಲಿ. ಮಂಡ್ಯ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣ ನಾಲ್ಕೂ ಬೆಂಗಳೂರು–ಮೈಸೂರು ರೈಲುಮಾರ್ಗದ ಮೇಲೆಯೇ ಇರುವುದರಿಂದ ವಾರಕ್ಕೆ ಎರಡು ದಿನ ಕಚೇರಿಗೆ ಹೋಗಿ ಬರುವುದು ಅಸಾಧ್ಯವಲ್ಲ.

ಸಾಮಗ್ರಿಗಳಲ್ಲಿ ತಲೆಗೊಂದರಂತೆ ಒಳ್ಳೆಯ ಟಾರ್ಚು, ಮೊಣಕಾಲಿನವರೆಗೆ ಬರುವ ಗಂಬೂಟು, ಎಲ್ಲ ಹಾಸಿಗೆಗೂ ಸೊಳ್ಳೆಪರದೆ, 200 ಲೀಟರಿನ ಒಂದು ಡ್ರಮ್ಮು, ಒಂದು ದಪ್ಪ ನೋಟ್‌ಪುಸ್ತಕ. ಗುದ್ದಲಿ, ಕುಡುಗೋಲು, ಮಚ್ಚುಗಳನ್ನು ನಗರದ ಅಂಗಡಿಯಲ್ಲಿ ಕೊಳ್ಳಬೇಡಿರಿ. ಹೋಬಳಿಯ ಸಂತೆಯಲ್ಲಿ ಸಿಗುವವು ಇಲ್ಲಿನ ಮಣ್ಣಿಗೂ ಇಲ್ಲಿನವರ ಕೈಗೂ ಹೊಂದಿಕೊಂಡು ಬಂದವು. ಟ್ರ್ಯಾಕ್ಟರ್, ಪವರ್ ಟಿಲ್ಲರ್, ಹುಲ್ಲು ಕತ್ತರಿಸುವ ಯಂತ್ರ ಇವಾವುವೂ ಮೊದಲ ವರ್ಷ ಬೇಡ.

ಹಂತ 1: ಮನೆಯವರ ಒಪ್ಪಿಗೆಯನ್ನು ಪರೀಕ್ಷಿಸಿ ಪಡೆಯುವುದು

ಶನಿವಾರ ಬಂದು ಭಾನುವಾರ ಹಿಂದಿರುಗಿದ ಭೇಟಿಯ ಮೇಲೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಎಳನೀರು ಕುಡಿದು, ನಾಲೆಯಲ್ಲಿ ಕಾಲಾಡಿಸಿ ಬಂದ ಮಗುವನ್ನು ಹಳ್ಳಿಯಲ್ಲಿ ಇರೋಣವೇ ಎಂದು ಕೇಳಿದರೆ ಅದು ಹೂಂ ಎನ್ನದೆ ಇನ್ನೇನು ಹೇಳೀತು? ಆದ್ದರಿಂದ ಇಡೀ ಕುಟುಂಬ ಎರಡು ಬಾರಿ, ಪ್ರತಿ ಸಲವೂ ಕನಿಷ್ಠ ಹತ್ತು ದಿನ, ಹಳ್ಳಿಯಲ್ಲಿ ಉಳಿಯಬೇಕು. ಒಮ್ಮೆ ಏಪ್ರಿಲ್ ಕೊನೆಯ ಬಿಸಿಲಿನಲ್ಲಿ, ಇನ್ನೊಮ್ಮೆ ಸೆಪ್ಟೆಂಬರ್–ಅಕ್ಟೋಬರ್‌ನ ಮಳೆಯಲ್ಲಿ. ಈ ಸೀಮೆಯಲ್ಲಿ ವರ್ಷದ ಮಳೆಯ ದೊಡ್ಡ ಪಾಲು ಆ ಎರಡು ತಿಂಗಳಲ್ಲೇ ಸುರಿಯುತ್ತದೆ. ಕೆಸರು, ಸೊಳ್ಳೆ, ಒಣಗದ ಬಟ್ಟೆ, ದಿನಗಟ್ಟಲೆ ಹೋಗುವ ಕರೆಂಟು ಎಲ್ಲವೂ ಒಟ್ಟಿಗೆ ಪರಿಚಯವಾಗುತ್ತವೆ.

ಹತ್ತನೆಯ ದಿನ ಎಲ್ಲರೂ ಕುಳಿತು, ಇದಿಲ್ಲದೆ ನನ್ನಿಂದಾಗದು ಎನ್ನುವ ಒಂದೇ ಒಂದು ಸಂಗತಿಯನ್ನು ಒಬ್ಬೊಬ್ಬರೂ ನೋಟ್‌ಪುಸ್ತಕದಲ್ಲಿ ಬರೆಯಲಿ. ನಮ್ಮ ಮನೆಯಲ್ಲಿ ತಾಯಿಯವರು ಬರೆಸಿದ್ದು ನಡುರಾತ್ರಿ ಹೊರಗೆ ಹೋಗದೆ ಬಳಸಬಹುದಾದ, ಕೂರುವ ಕಮೋಡಿನ ಬಚ್ಚಲು. ಹೆಂಡತಿ ಬರೆದದ್ದು ತನ್ನ ಹೆಸರಿನಲ್ಲೇ ಉಳಿಯುವ ಸಂಪಾದನೆ. ಇವೆರಡನ್ನೂ ನಾನು ಊಹಿಸಿರಲಿಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಮನೆಯ ಹೆಂಗಸರ ಕೆಲಸದ ಲೆಕ್ಕ ಹಾಕದಿರುವುದು. ನಗರದಲ್ಲಿ ಕೆಲಸದವರು, ತಯಾರಾದ ಹಿಟ್ಟು, ಮನೆಬಾಗಿಲಿಗೆ ಬರುವ ತರಕಾರಿ, ಬೇಕೆಂದಾಗ ಹೋಟೆಲಿನ ಊಟ ಇವು ಹಂಚಿಕೊಂಡಿದ್ದ ಕೆಲಸವೆಲ್ಲ ಇಲ್ಲಿ ಒಬ್ಬರ ತಲೆಯ ಮೇಲೆ ಬೀಳುತ್ತದೆ. ಅದರ ಮೇಲೆ ಆಳುಗಳಿಗೆ ಹತ್ತು ಗಂಟೆಯ ಮುದ್ದೆ ಊಟ, ಮಧ್ಯಾಹ್ನದ ಕಾಫಿ. ಗಂಡಸು ಹೊಲದಲ್ಲಿ ಹೊಸ ಬದುಕು ಕಂಡುಕೊಳ್ಳುತ್ತಿರುವಾಗ ಹೆಂಗಸು ಅಡುಗೆಮನೆಯಲ್ಲಿ ಹಳೆಯ ಬದುಕನ್ನು ದುಪ್ಪಟ್ಟು ಬದುಕುತ್ತಿರುತ್ತಾಳೆ. ಯಾರು ಯಾವ ಕೆಲಸ ಮಾಡುವುದೆಂಬುದನ್ನು ಹೊರಡುವ ಮೊದಲೇ ಬರೆದು ಹಂಚಿಕೊಳ್ಳಬೇಕು.

ಹಂತ 2: ಊರೊಳಗೆ ಬಾಡಿಗೆ ಮನೆ

ಮೊದಲ ಎರಡು ವರ್ಷ ಊರೊಳಗಿನ ಬಾಡಿಗೆ ಮನೆಯಲ್ಲೇ ಇರಬೇಕು. ತೋಟದ ಮನೆ ಬೇಡ. ಊರೊಳಗಿದ್ದರೆ ಹಾಲಿನ ಡೇರಿ, ಅಂಗಡಿ, ಬಸ್ಸು ಹತ್ತಿರ. ರಾತ್ರಿ ಮಗುವಿಗೆ ಜ್ವರ ಬಂದರೆ ಕೂಗಿದಷ್ಟಕ್ಕೆ ಬಂದು ನಿಲ್ಲುವವರು ಇರುತ್ತಾರೆ. ಇನ್ನೊಂದು ಕಾರಣ ಕರೆಂಟು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಮನೆಗಳ ಲೈನನ್ನು ಪಂಪ್‌ಸೆಟ್ಟುಗಳ ಲೈನಿನಿಂದ ಬೇರ್ಪಡಿಸಿದ್ದಾರೆ. ಹೊಲದ ನಡುವಿನ ಒಂಟಿ ಮನೆಗೆ ಪಂಪ್‌ಸೆಟ್ಟಿನ ಲೈನಿನಿಂದಲೇ ಸಂಪರ್ಕವಿದ್ದರೆ ಫ್ಯಾನು, ಫ್ರಿಜ್ಜುಗಳೆಲ್ಲ ಆ ಲೈನಿನ ಪಾಳಿಗೆ ಕಾಯಬೇಕಾಗುತ್ತದೆ.

ಹಳ್ಳಿಯಲ್ಲಿ ಬಾಡಿಗೆಗಿದೆ ಎಂಬ ಹಲಗೆ ಕಾಣುವುದಿಲ್ಲ. ಡೇರಿಯ ಕಾರ್ಯದರ್ಶಿ, ಶಾಲೆಯ ಮೇಷ್ಟ್ರು, ಅಂಗಡಿಯವರು ಈ ಮೂವರನ್ನು ವಿಚಾರಿಸಿದರೆ ಬೆಂಗಳೂರಿಗೆ ಹೋದವರ ಬೀಗ ಹಾಕಿದ ಮನೆ ಒಂದಾದರೂ ತಿಳಿಯುತ್ತದೆ. ಮನೆ ನೋಡುವಾಗ ಬಚ್ಚಲಿನ ನೀರು ಎಲ್ಲಿ ಹೋಗುತ್ತದೆ, ಪಂಚಾಯಿತಿ ನಲ್ಲಿಯಲ್ಲಿ ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ, ನಾಣ್ಯ ಹಾಕಿ 20 ಲೀಟರ್ ಹಿಡಿಯುವ ಶುದ್ಧ ನೀರಿನ ಘಟಕ ನಡೆಯುತ್ತಿದೆಯೋ ಕೆಟ್ಟು ನಿಂತಿದೆಯೋ ಎಂಬುದನ್ನು ನೋಡಬೇಕು. ಮನೆಯಿಂದಲೇ ಕಚೇರಿ ಕೆಲಸ ಮಾಡುವವರು ಮೊಬೈಲ್ ಸಿಗ್ನಲನ್ನು ಕರೆಂಟು ಹೋಗಿ ಎರಡು ಗಂಟೆಯಾದ ಮೇಲೆ ಪರೀಕ್ಷಿಸಬೇಕು. ಟವರಿನ ಬ್ಯಾಟರಿ ಖಾಲಿಯಾದಾಗ ಉಳಿಯುವುದಷ್ಟೇ ನಿಜವಾದ ಸಿಗ್ನಲ್ಲು.

ಹಂತ 3: ಮಕ್ಕಳ ಶಾಲೆ

ಸ್ಥಳಾಂತರ ಏಪ್ರಿಲ್–ಮೇ ತಿಂಗಳಲ್ಲೇ ಆಗಬೇಕು. ನಡುವರ್ಷದಲ್ಲಿ ಶಾಲೆ ಬದಲಿಸಿದ ಮಕ್ಕಳು ಪಾಠಕ್ಕಿಂತ ಹೆಚ್ಚಾಗಿ ಗೆಳೆಯರಿಲ್ಲದೆ ಕುಗ್ಗುತ್ತಾರೆ. ಹಳೆಯ ಶಾಲೆಯಿಂದ ವರ್ಗಾವಣೆ ಪತ್ರದೊಂದಿಗೆ ಎಸ್.ಎ.ಟಿ.ಎಸ್. (ರಾಜ್ಯದ ವಿದ್ಯಾರ್ಥಿ ಗುರುತಿನ) ಸಂಖ್ಯೆಯನ್ನೂ ಬರೆಸಿಕೊಳ್ಳಿ, ಅದಿಲ್ಲದೆ ಹೊಸ ಶಾಲೆಯ ದಾಖಲಾತಿ ತಡವಾಗುತ್ತದೆ. ಕೇಂದ್ರ ಪಠ್ಯಕ್ರಮದಲ್ಲಿ ಓದಿ, ಕನ್ನಡವನ್ನು ಮಾತಿಗಷ್ಟೇ ಇಟ್ಟುಕೊಂಡ ಮಗುವಿಗೆ ಹೊರಡುವ ಆರು ತಿಂಗಳ ಮೊದಲಿನಿಂದ ದಿನಕ್ಕೆ ಅರ್ಧ ಗಂಟೆ ಕನ್ನಡ ಓದಿಸಬೇಕು.

ಮಾತಿನ ಧಾಟಿಗೂ ಮಗುವನ್ನು ಸಿದ್ಧಪಡಿಸಿರಿ. ನಮ್ಮ ಮಗ ಮೊದಲ ವಾರ ಶಾಲೆಯಿಂದ ಅಳುತ್ತ ಬಂದು, ಎಲ್ಲರೂ ತನ್ನನ್ನು ಏನ್ಲಾ, ಬಾರ್ಲಾ ಎಂದು ಬೈಯುತ್ತಾರೆಂದು ದೂರಿದ್ದ. ಆ ‘ಲಾ’ ಎಂಬುದು ಮಂಡ್ಯದ ಹುಡುಗರು ತಮ್ಮವನೆಂದು ಒಪ್ಪಿಕೊಂಡವನಿಗೆ ಕೊಡುವ ಸಲುಗೆ ಎಂದು ಅವನಿಗೆ ತಿಳಿಯಲು ಒಂದು ತಿಂಗಳು ಬೇಕಾಯಿತು. ಈಗ ಅಜ್ಜಿಯೊಬ್ಬರನ್ನು ಬಿಟ್ಟು ಉಳಿದ ಎಲ್ಲರನ್ನೂ ಹಾಗೆಯೇ ಕರೆಯುತ್ತಾನೆ.

ಹಂತ 4: ಊರಿನವರೊಂದಿಗೆ ಬೆರೆಯುವುದು

ಈ ಹಂತಕ್ಕೆ ಕಾಗದವಿಲ್ಲ, ಶುಲ್ಕವಿಲ್ಲ. ಆದರೂ ಹೆಚ್ಚು ಜನ ಎಡವುವುದು ಇಲ್ಲಿಯೇ. ಮದುವೆಗೆ ಹೋಗಿ ಮುಯ್ಯಿ ಬರೆಸುವುದು, ಸಾವಾದರೆ ಕರೆಯದಿದ್ದರೂ ಹೋಗಿ ನಿಲ್ಲುವುದು, ಹನ್ನೊಂದನೆಯ ದಿನದ ತಿಥಿ ಊಟಕ್ಕೆ ಕುಳಿತುಕೊಳ್ಳುವುದು, ಊರಹಬ್ಬದ ವಂತಿಗೆಯನ್ನು ಕೇಳಿದ ದಿನವೇ ಕೊಡುವುದು. ವಂತಿಗೆಯಲ್ಲಿ ಉಳಿದವರಿಗಿಂತ ಹತ್ತು ಪಟ್ಟು ಕೊಟ್ಟು ದೊಡ್ಡವರಾಗಲು ಹೋಗಬೇಡಿರಿ. ಮುಂದಿನ ವರ್ಷವೂ ಅಷ್ಟನ್ನೇ ನಿರೀಕ್ಷಿಸುತ್ತಾರೆ. ಆಳಿನ ಕೂಲಿಯೂ ನಿಮಗೆ ಮಾತ್ರ ಏರುತ್ತದೆ.

ಮೊದಲ ಮುಂಗಾರಿನಲ್ಲಿ ಸ್ವಂತ ಬೆಳೆ ಇಡದೆ, ಅಕ್ಕಪಕ್ಕದವರ ಹೊಲಕ್ಕೆ ಮುಯ್ಯಾಳಾಗಿ (ಕೂಲಿಯಿಲ್ಲದೆ, ಕೆಲಸಕ್ಕೆ ಬದಲು ಕೆಲಸದ ಲೆಕ್ಕದಲ್ಲಿ) ಹೋಗಿ ಎಂಬುದು ನನ್ನ ಖಚಿತವಾದ ಸಲಹೆ. ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯಲ್ಲಿ ಅವಕಾಶವಿಲ್ಲದ್ದರಿಂದ, ಬಾಯಿಮಾತಿನ ಗುತ್ತಿಗೆ ಹಿಡಿದು ಕಲಿಯುತ್ತೇನೆಂದರೆ ಹಣಕ್ಕೂ ಬೆಳೆಗೂ ರಕ್ಷಣೆಯಿಲ್ಲ. ಮುಯ್ಯಾಳಾಗಿ ಹೋದರೆ ರಾಗಿ ಹೊಲಕ್ಕೆ ಕುಂಟೆ ಹೊಡೆಯುವ ಹದ ಯಾವುದು, ಮಳೆ ಬಿದ್ದ ಎಷ್ಟನೆಯ ದಿನಕ್ಕೆ ಮಣ್ಣು ಕಾಲಿಗೆ ಅಂಟುವುದು ನಿಲ್ಲುತ್ತದೆ ಎಂಬುದು ಮೈಗೆ ತಿಳಿಯುತ್ತದೆ, ಮುಂದಿನ ವರ್ಷ ನಿಮ್ಮ ಹೊಲಕ್ಕೆ ಬರುವ ಆಳೂ ಸಿಕ್ಕಿದಂತಾಗುತ್ತದೆ. ಸೊಂಟ ನೋಯುತ್ತದೆ. ಕಳೆ ಕೀಳುವಾಗ ನೀವು ಕಿತ್ತ ಸಾಲನ್ನು ಹಿಂದಿನಿಂದ ಬಂದ ಅಜ್ಜಿಯೊಬ್ಬರು ಮಾತಿಲ್ಲದೆ ಇನ್ನೊಮ್ಮೆ ಕೀಳುತ್ತಾರೆ. ಅದನ್ನು ನುಂಗಿಕೊಳ್ಳಬೇಕು.

ಇಲ್ಲಿನ ರೈತರು ದಿನಾಂಕ ಹೇಳುವುದಿಲ್ಲ, ಮಳೆಯ ಹೆಸರು ಹೇಳುತ್ತಾರೆ. ಭರಣಿ, ರೋಹಿಣಿ, ಆರಿದ್ರ, ಪುನರ್ವಸು, ಹುಬ್ಬೆ, ಚಿತ್ತೆ, ಸ್ವಾತಿ ಹೀಗೆ ಮಳೆನಕ್ಷತ್ರಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿಕೊಂಡರೆ, ಪುನರ್ವಸುವಿನಲ್ಲಿ ಬಿತ್ತಿದ್ದು ಎಂದಾಗ ಜುಲೈ ತಿಂಗಳೆಂದು ಹೊಳೆಯುತ್ತದೆ.

ಹಂತ 5: ನೀರು ಮತ್ತು ಕರೆಂಟಿನ ಪರೀಕ್ಷೆ

ಜಮೀನಿನ ಬೆಲೆ ಕೇಳುವುದಕ್ಕೆ ಮೊದಲು ನೀರನ್ನು ಅಳೆಯಬೇಕು. ಮಾರುವವರು ಕೊಳವೆಬಾವಿಯನ್ನು ನವೆಂಬರಿನಲ್ಲಿ ತೋರಿಸಲು ಇಷ್ಟಪಡುತ್ತಾರೆ, ಏಕೆಂದರೆ ಚಿತ್ತೆ, ಸ್ವಾತಿ ಮಳೆಗಳು ಮುಗಿದ ಮೇಲೆ ಕಲ್ಲಿನಲ್ಲೂ ನೀರಿರುತ್ತದೆ. ನೀವು ನೋಡಬೇಕಾದ್ದು ಏಪ್ರಿಲ್ ಕೊನೆಯಲ್ಲಿ. ಎರಡು ಇಂಚು ನೀರು, ಮೂರು ಇಂಚು ನೀರು ಎಂಬ ಬಾಯಿಲೆಕ್ಕವನ್ನು ಬದಿಗಿಟ್ಟು 200 ಲೀಟರಿನ ಡ್ರಮ್ಮನ್ನು ಕೊಳವೆಯ ಕೆಳಗಿಟ್ಟು ತುಂಬುವ ಸಮಯವನ್ನು ಬರೆದುಕೊಳ್ಳಿ. ಮೋಟಾರು ಹಾಕಿದ ತಕ್ಷಣ ಒಮ್ಮೆ, ನಾಲ್ಕು ಗಂಟೆ ಸತತವಾಗಿ ಓಡಿಸಿದ ಮೇಲೆ ಇನ್ನೊಮ್ಮೆ ಅಳೆಯಬೇಕು. ಮೊದಲ ಅಳತೆಯಲ್ಲಿ 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ನಾಲ್ಕು ಗಂಟೆಯ ಅನಂತರ 200 ಸೆಕೆಂಡು ಹಿಡಿದರೆ ಅರ್ಧಕ್ಕಿಳಿದಿದೆಯೆಂದು ಅರ್ಥ, ಎರಡನೆಯದನ್ನೇ ನಂಬಬೇಕು. ನೀರು ಬಿಟ್ಟು ಬಿಟ್ಟು ಉಗುಳಿದರೆ, ಕೆಸರು ಬಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಈ ಅಳತೆಯನ್ನು ಬೆಳೆಯೊಂದಿಗೆ ಕೂಡಿಸಿ ನೋಡಿ. 25 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 70 ತೆಂಗು ಹಿಡಿಯುತ್ತವೆ. ಬೇಸಿಗೆಯಲ್ಲಿ ಮರವೊಂದಕ್ಕೆ ದಿನಕ್ಕೆ 60 ಲೀಟರ್ ಹನಿ ನೀರಾವರಿಯಲ್ಲಿ ಕೊಟ್ಟರೂ 4,200 ಲೀಟರ್ ಬೇಕು. ಅದಕ್ಕೆ ಆ ಕೊಳವೆಬಾವಿ ಸಾಕು. ಅದನ್ನೇ ನಂಬಿ ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸಲು ಹೊರಟರೆ ಸಾಲದು.

ನಾಲೆ ನೀರಿನ ಜಮೀನಾದರೆ ಪರೀಕ್ಷೆಯೇ ಬೇರೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಜಮೀನಿದೆ ಎಂದ ಮಾತ್ರಕ್ಕೆ ನೀರಿದೆ ಎಂದಲ್ಲ. ನೀರನ್ನು ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರೆ. ಮೇಲ್ಭಾಗದವರ ಗದ್ದೆ ತುಂಬಿದ ಮೇಲೆ ಉಳಿದದ್ದು ಮದ್ದೂರು, ಮಳವಳ್ಳಿ ಕಡೆಯ ಕೊನೆಭಾಗಕ್ಕೆ ಬರುತ್ತದೆ. ಈ ನಾಲೆಗೆ ನೀರು ಬರುವ ಕೆ.ಆರ್.ಎಸ್. ಅಣೆಕಟ್ಟೆಯ ಪೂರ್ಣಮಟ್ಟ 124.80 ಅಡಿ. 2023ರಲ್ಲಿ ಮುಂಗಾರು ಕೈಕೊಟ್ಟು ಅದು ತುಂಬಲೇ ಇಲ್ಲ, ಮುಂದಿನ ಬೇಸಿಗೆ ಬೆಳೆಗೆ ನೀರಿಲ್ಲವಾಯಿತು. ಆದ್ದರಿಂದ ಮಾರುವವರನ್ನು ಬಿಟ್ಟು ಆ ತೂಬಿನ ನೀರುಗಂಟಿಯನ್ನು (ಗದ್ದೆಗಳಿಗೆ ನೀರು ಬಿಡುವವರನ್ನು) ಹುಡುಕಿ, 2023ರಲ್ಲಿ ಈ ಗದ್ದೆಗೆ ಎಷ್ಟು ಕಟ್ಟು ನೀರು ಬಂತು ಎಂದು ಕೇಳಿ. ಆ ಒಂದು ಪ್ರಶ್ನೆಗೆ ಸಿಗುವ ಉತ್ತರ ಎಲ್ಲ ಕಾಗದಗಳಿಗಿಂತ ಮೇಲು.

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಸುಮಾರು 7 ಗಂಟೆ, ಅದೂ ಪಾಳಿಯಲ್ಲಿ, ಕೆಲವು ವಾರ ರಾತ್ರಿಯೇ ಬರುತ್ತದೆ. ಜಮೀನು ಕೊಂಡ ಮೇಲಿನ ನಮ್ಮ ಮೊದಲ ಬೇಸಿಗೆಯಲ್ಲಿ ನಡುರಾತ್ರಿ ಎರಡು ಗಂಟೆಗೆ ಎದ್ದು ಹೋಗಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ, ಮೋಟಾರು ಗುಂಯ್ ಎಂದು ನರಳಿ ಕಟ್ಟಾಗುತ್ತಿತ್ತು. ಮೂರು ರಾತ್ರಿ ಹೀಗೆಯೇ ಆಯಿತು. ಮೋಟಾರು ಸುಟ್ಟಿದೆಯೆಂದು ಮೇಲೆತ್ತಿಸಲು ಗಾಡಿಯವರಿಗೆ ಮುಂಗಡವನ್ನೂ ಕೊಟ್ಟೆ. ನಾಲ್ಕನೆಯ ಬೆಳಿಗ್ಗೆ ಪಕ್ಕದ ಹೊಲದ ಯಜಮಾನರು ಬಂದು, ಫ್ಯೂಸುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಪೆಟ್ಟಿಗೆ ಬಿಚ್ಚಿ, ಕಾಂಟ್ಯಾಕ್ಟಿನ ನಡುವೆ ಸುಟ್ಟು ಕರಿಕಾಗಿದ್ದ ಹಲ್ಲಿಯೊಂದನ್ನು ಕಡ್ಡಿಯಿಂದ ತೆಗೆದು ನನ್ನ ಅಂಗೈ ಮೇಲಿಟ್ಟರು. ಒಂದು ಫೇಸು ಕೂಡಿಕೊಳ್ಳದೆ ಮೋಟಾರು ನರಳುತ್ತಿತ್ತು. ಪೆಟ್ಟಿಗೆಯ ತೂತುಗಳನ್ನು ಮುಚ್ಚಿ, ಒಳಗೆ ನಾಲ್ಕು ನುಸಿಗುಳಿಗೆ ಇಡುವುದನ್ನು ಅಂದಿನಿಂದ ತಪ್ಪಿಸಿಲ್ಲ. ಅವರಂತೆ ಫ್ಯೂಸನ್ನು ಜೇಬಿಗೆ ಹಾಕಿಕೊಳ್ಳದೆ ಪೆಟ್ಟಿಗೆಗೆ ಕೈ ಹಾಕಬೇಡಿರಿ; ಒದ್ದೆ ಕಾಲಿನಲ್ಲಂತೂ ಹತ್ತಿರವೂ ಹೋಗಬೇಡಿರಿ.

ಹಂತ 6: ಜಮೀನಿನ ಕಾಗದಗಳು

2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ್ದರಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಕೊಳ್ಳಬಹುದು ಎಂಬುದಕ್ಕೂ ಕೊಂಡದ್ದು ಉಳಿಯುತ್ತದೆ ಎಂಬುದಕ್ಕೂ ನಡುವೆ ಕೆಲವು ಕಾಗದಗಳಿವೆ. ಅವುಗಳನ್ನು ಈ ಸಾಲಿನಲ್ಲೇ ನೋಡಿರಿ.

ಮೊದಲು ಪಹಣಿ. 9ನೆಯ ಕಾಲಮ್ಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಬ್ಯಾಂಕು ಅಥವಾ ಸಹಕಾರ ಸಂಘದ ಸಾಲ, 12ರಲ್ಲಿ ಬೆಳೆ ಮತ್ತು ಸಾಗುವಳಿಯ ವಿವರ ಇರುತ್ತದೆ. 9ರಲ್ಲಿ ನಾಲ್ಕಾರು ಹೆಸರು ಜಂಟಿಯಾಗಿದ್ದರೆ ಪೋಡಿಯಾಗಿಲ್ಲವೆಂದು, ಅಂದರೆ ಒಬ್ಬೊಬ್ಬರ ಪಾಲನ್ನು ಅಳೆದು ಬೇರ್ಪಡಿಸಿಲ್ಲವೆಂದು ತಿಳಿದು, ಸರ್ವೆ ಮಾಡಿಸಿ ಮಾರುವ ಭಾಗದ 11ಇ ನಕ್ಷೆ ಬರುವವರೆಗೆ ಮುಂಗಡ ಕೊಡಬೇಡಿರಿ. ಬಳಿಕ ಹಿಂದಿನ ಮ್ಯುಟೇಷನ್‌ಗಳನ್ನೂ (ಖಾತೆ ಬದಲಾವಣೆಯ ದಾಖಲೆಗಳನ್ನೂ) 30 ವರ್ಷದ ಋಣಭಾರ ಪತ್ರವನ್ನೂ ಹಿಡಿದು, ಜಮೀನು ಇವರಿಗೆ ಹೇಗೆ ಬಂತೆಂಬುದನ್ನು ಹಿಂದಕ್ಕೆ ಓದಬೇಕು. ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದರೆ ಮಂಜೂರಾತಿ ಆದೇಶದಲ್ಲಿ ಪರಭಾರೆ ಮಾಡಬಾರದೆಂಬ ಷರತ್ತನ್ನು ನೋಡಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ, 1978ರ ಕಾಯ್ದೆಯ ಪ್ರಕಾರ ಆ ಕ್ರಯವೇ ಊರ್ಜಿತವಲ್ಲ, ಜಮೀನು ಮೂಲ ಕುಟುಂಬಕ್ಕೆ ಹಿಂದಿರುಗುತ್ತದೆ.

ಮೂರನೆಯದು ವಂಶವೃಕ್ಷ. ಇದನ್ನು ಲಘುವಾಗಿ ಕಂಡವರೇ ಹೆಚ್ಚು ನ್ಯಾಯಾಲಯ ಕಂಡಿದ್ದಾರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಮದುವೆಯಾಗಿ ಹೋದ ತಂಗಿಯ ಸಹಿ ಬೇಡ, ಅವಳು ನಮ್ಮ ಮಾತು ಮೀರುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಅವಳು ಅಣ್ಣನ ಮಾತು ಮೀರದಿರಬಹುದು, ಆದರೆ ನಿಮ್ಮ ಮೇಲೆ ದಾವೆ ಹೂಡಲು ಅಣ್ಣನ ಮಾತೇನೂ ಅಡ್ಡಬರುವುದಿಲ್ಲ. ಎಲ್ಲ ಹೆಣ್ಣುಮಕ್ಕಳೂ ಉಪನೋಂದಣಾಧಿಕಾರಿಗಳ ಮುಂದೆ ಬಂದು ಸಹಿ ಹಾಕದೆ ನೋಂದಣಿ ಬೇಡ.

ಕೊನೆಯದು ದಾರಿ. ಗ್ರಾಮನಕ್ಷೆಯಲ್ಲಿ ಬಂಡಿದಾರಿ ನಿಮ್ಮ ಸರ್ವೆ ನಂಬರಿನವರೆಗೆ ಬರುತ್ತದೆಯೇ ಎಂದು ನೋಡಿ. ಪಕ್ಕದವರ ಹೊಲದ ಬದುವಿನ ಮೇಲೆ ಇಷ್ಟು ವರ್ಷ ಓಡಾಡುತ್ತಿದ್ದೇವೆ ಎಂಬುದು ಇಬ್ಬರೂ ಊರಿನವರಾಗಿರುವವರೆಗೆ ಮಾತ್ರ ನಡೆಯುವ ಏರ್ಪಾಡು. ಹೊರಗಿನವರು ಕೊಂಡ ದಿನ ಬದುವಿನ ಮೇಲೆ ಮುಳ್ಳು ಬೀಳುತ್ತದೆ. ಬಿ ಖರಾಬು ಎಂದು ದಾಖಲಾದ ಹಳ್ಳ, ದಾರಿ, ಕಟ್ಟೆಯ ಜಾಗ ಸಾರ್ವಜನಿಕರದ್ದು. ಅದನ್ನು ಅಳತೆಗೆ ಸೇರಿಸಿ ಗುಂಟೆ ಲೆಕ್ಕದಲ್ಲಿ ಹಣ ಕೇಳಿದರೆ ಕೊಡಬೇಕಾಗಿಲ್ಲ.

ನೋಂದಣಿಯಾಗಿ ಖಾತೆ ಬದಲಾದ ಕೂಡಲೇ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ (ಸರ್ಕಾರದ ರೈತರ ಪಟ್ಟಿ) ನೋಂದಣಿ ಮಾಡಿಸಿರಿ. ಬೆಂಬಲ ಬೆಲೆಗೆ ರಾಗಿ ಕೊಡುವಾಗಲೂ ಇಲಾಖೆಯ ಸಹಾಯಧನ ಕೇಳುವಾಗಲೂ ಆ ಸಂಖ್ಯೆ ಬೇಕು.

ಹಂತ 7: ಮೊದಲ ಬೆಳೆ

ಮಣ್ಣು ಪರೀಕ್ಷೆಯಿಂದ ಆರಂಭಿಸಿ. ಎಕರೆಯ ಎಂಟು ಹತ್ತು ಕಡೆ ಆರು ಇಂಚು ಆಳಕ್ಕೆ ಇಂಗ್ಲಿಷಿನ ವಿ ಅಕ್ಷರದಂತೆ ಗುಂಡಿ ತೆಗೆದು, ಪಕ್ಕದಿಂದ ಒಂದಂಗುಲ ದಪ್ಪದ ಮಣ್ಣು ಕೆತ್ತಿ, ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಉಳಿಸಿಕೊಳ್ಳುತ್ತ ಅರ್ಧ ಕಿಲೋಗೆ ಇಳಿಸಬೇಕು. ತಿಪ್ಪೆಯ ಹತ್ತಿರ, ಬದುವಿನ ಪಕ್ಕ, ಮರದ ಕೆಳಗೆ ತೆಗೆದ ಮಣ್ಣು ಸುಳ್ಳು ಹೇಳುತ್ತದೆ. ಮಂಡ್ಯದ ವಿ.ಸಿ. ಫಾರಂ (ಕೃಷಿ ಸಂಶೋಧನಾ ಕೇಂದ್ರ) ಮತ್ತು ನಂಜನಗೂಡು ತಾಲ್ಲೂಕಿನ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಎರಡೂ ಕಡೆ ಹೋಗಿ ಮಾತಾಡಿ ಬನ್ನಿರಿ.

ಮೊದಲ ಬೆಳೆಗೆ ನನ್ನ ಆಯ್ಕೆ ರಾಗಿ. ಜುಲೈನಲ್ಲಿ ಬಿತ್ತಿದರೆ ನಾಲ್ಕು ತಿಂಗಳಿಗೆ ಕೊಯ್ಲು, ಖರ್ಚು ಕಡಿಮೆ, ಮಳೆ ಸ್ವಲ್ಪ ತಪ್ಪಿದರೂ ಪೂರ್ತಿ ಹೋಗುವುದಿಲ್ಲ; ಕಾಳು ಮನೆಗೆ, ಹುಲ್ಲು ಮುಂದೆ ಬರುವ ಹಸುವಿಗೆ. ಕಬ್ಬನ್ನು ಮೊದಲ ವರ್ಷ ಮುಟ್ಟಬೇಡಿರಿ. ಅದು ಹನ್ನೆರಡು ತಿಂಗಳು ಭೂಮಿಯಲ್ಲಿ ನಿಂತು, ಕಟಾವಿನ ಸರದಿಗೆ ಕಾಯಿಸಿ, ಆಮೇಲೆ ಹಣಕ್ಕೂ ಕಾಯಿಸುತ್ತದೆ. ಟೊಮೆಟೊ, ಬೀನ್ಸುಗಳ ಬೆಲೆ ವಾರದಲ್ಲಿ ಏರಿಳಿಯುವುದರಿಂದ ಹಿತ್ತಲಿನ ಎರಡು ಗುಂಟೆಗೆ ಮೀರದಿರಲಿ. ತೆಂಗಿನ ಸಸಿಗಳನ್ನು ಮಾತ್ರ ಮೊದಲ ಮಳೆಗೇ ನೆಟ್ಟುಬಿಡಿ, ಏಕೆಂದರೆ ನಾಟಿ ತೆಂಗು ಫಲ ಕೊಡಲು ಆರೇಳು ವರ್ಷ ಹೇಗೂ ಬೇಕು.

ಹಂತ 8: ಹಸು

ಹಸು ಬಂದ ದಿನದಿಂದ ಇಡೀ ಕುಟುಂಬ ಒಟ್ಟಿಗೆ ಊರು ಬಿಟ್ಟು ಒಂದು ರಾತ್ರಿಯೂ ಕಳೆಯಲಾಗದು. ಇದನ್ನು ಒಪ್ಪಿಕೊಂಡ ಮೇಲೆ, ರಾಗಿಹುಲ್ಲಿನ ಮೆದೆ ಹಾಕಿ, ಐದು ಗುಂಟೆಯಲ್ಲಿ ಸೀಮೆಹುಲ್ಲು ನೆಟ್ಟು ಎರಡು ಕೊಯ್ಲು ಕಂಡ ಮೇಲೆ ಒಂದೇ ಒಂದು ಸೀಮೆಹಸು ತನ್ನಿರಿ. ಹಿಂಡಿ ಬೂಸ ಕೊಂಡು ಹುಲ್ಲನ್ನೂ ಕೊಂಡರೆ ಹಾಲಿನ ಹಣ ಹಸುವಿನ ಬಾಯಿಗೇ ಹೋಗುತ್ತದೆ.

ಕೊಳ್ಳುವಾಗ ಒಂದು ಹೊತ್ತಿನ ಹಾಲು ನೋಡಿ ಬೆಲೆ ಮಾತಾಡಬಾರದು. ಹಿಂದಿನ ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವುದು ಹಳೆಯ ಉಪಾಯ. ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ ಹೀಗೆ ಮೂರು ಹೊತ್ತು ಎದುರಿಗೆ ನಿಂತು ಅಳೆಯಿಸಿ. ನಾಲ್ಕು ಮೊಲೆಯ ಹಾಲನ್ನೂ ಬೇರೆ ಬೇರೆಯಾಗಿ ಕಪ್ಪು ಬಟ್ಟೆಯ ಮೇಲೆ ಕರೆದು ನೋಡಿ. ಮೊಸರಿನಂತಹ ತುಣುಕು ಕಂಡರೆ ಕೆಚ್ಚಲುಬಾವು.

ಡೇರಿಯಲ್ಲಿ ಹಾಲಿನ ಜಿಡ್ಡು ಶೇ. 3.5, ಜಿಡ್ಡಲ್ಲದ ಘನಾಂಶ ಶೇ. 8.5ಕ್ಕಿಂತ ಇಳಿದರೆ ಹಾಲು ವಾಪಸಾಗಬಹುದು. ನಮ್ಮ ಕ್ಯಾನು ಹಾಗೆ ಎರಡು ಸಲ ವಾಪಸಾದಾಗ ಅಳೆಯುವವರ ಮೇಲೆ ಸಿಟ್ಟಾಗಿದ್ದೆವು. ಆಮೇಲೆ ತಿಳಿದ ಕಾರಣ ನಮ್ಮ ಮನೆಯದೇ: ತೊಳೆದ ಕ್ಯಾನನ್ನು ಬೋರಲು ಹಾಕದೆ ತಳದಲ್ಲಿ ನೀರು ಉಳಿಸುತ್ತಿದ್ದೆವು, ಮೇಲಾಗಿ ಮಳೆಗಾಲದ ಎಳೆಹುಲ್ಲನ್ನೇ ಹಾಕುತ್ತ ಒಣಹುಲ್ಲು ನಿಲ್ಲಿಸಿದ್ದೆವು. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ ತಪ್ಪದಿರಲಿ. ಸಂಚಾರಿ ಪಶುಚಿಕಿತ್ಸೆಗೆ 1962 ಸಂಖ್ಯೆಗೆ ಕರೆ ಮಾಡಬಹುದು.

ಹಂತ 9: ಹಾವು, ಚಿರತೆ, ರಾತ್ರಿ

ಕಟ್ಟುಹಾವು ಕಚ್ಚಿದರೆ ನೋವು ಗೊತ್ತಾಗುವುದೇ ಕಡಿಮೆ, ಅದು ನೆಲದಲ್ಲಿ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ಮಂಚ, ಹಾಸಿಗೆಯ ಅಡಿಗೆ ಸಿಕ್ಕಿಸಿದ ಸೊಳ್ಳೆಪರದೆ ಇವೆರಡೂ ಅದಕ್ಕಾಗಿಯೇ. ಕೊಳಕುಮಂಡಲ ಸೌದೆ, ಹುಲ್ಲು, ಕಲ್ಲುರಾಶಿಯ ಬಳಿ ಇರುತ್ತದೆ. ರಾಗಿ ಚೀಲ ಇಟ್ಟ ಕೋಣೆಯಲ್ಲಿ ಇಲಿ ಹೆಚ್ಚಿದರೆ ಹಾವಿಗೆ ಕರೆ ಹೋದಂತೆಯೇ.

ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಬಾಯಿಂದ ಹೀರಬಾರದು, ಮಂತ್ರ ಹಾಕುವವರ ಮನೆಯಲ್ಲಿ ಹೊತ್ತು ಕಳೆಯಬಾರದು. ಕಚ್ಚಿದ ಕೈಕಾಲನ್ನು ಅಲುಗಾಡಿಸದಂತೆ ದಬ್ಬೆ ಕಟ್ಟಿ, ಸಮಯ ಬರೆದುಕೊಂಡು, ವಿಷನಿರೋಧಕ ಇರುವ ಆಸ್ಪತ್ರೆಗೆ ಸಾಗಿಸಬೇಕು. 108ರ ಗಾಡಿ ನಿಮ್ಮ ಊರಿಗೆ ಎಲ್ಲಿಂದ ಬರುತ್ತದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಆ ಔಷಧ ಇದೆಯೇ ಎಂಬುದನ್ನು ಬಂದ ಮೊದಲ ವಾರವೇ ಹೋಗಿ ವಿಚಾರಿಸಿರಿ.

ಕಬ್ಬಿನ ಗದ್ದೆಗಳು ಚಿರತೆಗೆ ಒಳ್ಳೆಯ ಅಡಗುತಾಣ. ಮುಸ್ಸಂಜೆಯ ಮೇಲೆ ಮಕ್ಕಳನ್ನು ಗದ್ದೆಬದಿಗೆ ಒಂಟಿಯಾಗಿ ಕಳಿಸಬಾರದು, ನಾಯಿಯನ್ನು ಅಂಗಳದಲ್ಲಿ ಕಟ್ಟಿಹಾಕಿ ಮಲಗಬಾರದು.

ಮನೆ ಕಟ್ಟುವ ಮೊದಲು ನಿಂತು ನೋಡಬೇಕಾದ ಸೂಚನೆಗಳು

ಎರಡನೆಯ ವರ್ಷದ ಕೊನೆಯಲ್ಲಿ ನೋಟ್‌ಪುಸ್ತಕ ತೆಗೆದು ಇವನ್ನು ನೋಡಿ. ಮನೆಯಲ್ಲಿ ಒಬ್ಬರು ವಾರವಾರವೂ ಏನಾದರೊಂದು ನೆಪದಿಂದ ನಗರಕ್ಕೆ ಹೋಗುತ್ತಿದ್ದಾರೆಯೇ? ಮಗು ಊರಿನ ಒಬ್ಬ ಗೆಳೆಯನ ಹೆಸರನ್ನೂ ಹೇಳುತ್ತಿಲ್ಲವೇ? ಎರಡು ವರ್ಷಕ್ಕೆಂದು ಇಟ್ಟ ಹಣ ಒಂದೇ ವರ್ಷದಲ್ಲಿ ಮುಕ್ಕಾಲು ಕರಗಿದೆಯೇ? ಕೊಳವೆಬಾವಿಯ ಡ್ರಮ್ಮು ತುಂಬಲು ಹೋದ ಬೇಸಿಗೆಗಿಂತ ಈ ಬೇಸಿಗೆ ಹೆಚ್ಚು ಹೊತ್ತು ಹಿಡಿಯಿತೇ? ಒಂದಕ್ಕೆ ಹೌದೆಂದರೂ ಮನೆ ಕಟ್ಟುವುದನ್ನು ಇನ್ನೊಂದು ವರ್ಷ ಮುಂದೂಡಿ, ಬಾಡಿಗೆ ಮನೆಯಲ್ಲೇ ಮುಂದುವರಿಯಿರಿ. ಎರಡಕ್ಕೆ ಹೌದೆಂದರೆ ಜಮೀನು ಇಟ್ಟುಕೊಂಡು ಕುಟುಂಬ ಮಂಡ್ಯದಲ್ಲೋ ಮೈಸೂರಿನಲ್ಲೋ ಇರುವುದು ಸೋಲಲ್ಲ. ಹಾಗೆ ಬದುಕುತ್ತಿರುವ ರೈತರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ.

ಹಂತ 10: ಹೊಲದಲ್ಲಿ ಮನೆ

ಭೂಪರಿವರ್ತನೆಯಿಲ್ಲದೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿಯಿಲ್ಲದೆ) ತೋಟದ ಮನೆ ಕಟ್ಟಿಕೊಳ್ಳಲು ಅವಕಾಶವಿರುವುದು ಹಿಡುವಳಿಯ ಶೇ. 10ರ ಮಿತಿಯೊಳಗೆ, ಅದೂ ಸ್ವಂತ ವಾಸಕ್ಕೆ ಮತ್ತು ಕೃಷಿಯ ಬಳಕೆಗೆ ಮಾತ್ರ. ನೀರು ಹರಿದು ಬರುವ ತಗ್ಗನ್ನು ಬಿಟ್ಟು, ಒಂದು ಮಳೆಗಾಲವಿಡೀ ಕಾಲು ಹೂತುಹೋಗದ ಎತ್ತರದ ಜಾಗವನ್ನು ಗುರುತು ಮಾಡಿರಿ. ಶೌಚದ ಗುಂಡಿ ಕೊಳವೆಬಾವಿಯಿಂದ ದೂರ, ಅದಕ್ಕಿಂತ ತಗ್ಗಿನ ಕಡೆಗಿರಬೇಕು. ಬಚ್ಚಲ ನೀರು ನಾಲ್ಕು ತೆಂಗಿನ ಬುಡಕ್ಕೆ ಹೋಗಲಿ. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ಕೊಟ್ಟಿಗೆಯೂ ತಿಪ್ಪೆಯೂ ಮನೆಯ ಮೂಡಣಕ್ಕಿರಲಿ, ಅಡುಗೆಮನೆಯ ಕಿಟಕಿಯಿಂದ ಹಸು ಕಾಣುವಷ್ಟು ಹತ್ತಿರದಲ್ಲಿ.